ಹಿತ್ತಲ ಜಿನಿಯಾ ಮತ್ತು ಮನೆಯ ಬೀಜ



ಹೂವಿನ ಬೀಜದ ಪೊಟ್ಟಣ ಕೊಳ್ಳುವಾಗ ನಾವೆಲ್ಲ ನೋಡುವುದು ಅದರ ಮುಖದ ಮೇಲಿನ ಚಿತ್ರವನ್ನು. ಬೆನ್ನಿಗಿರುವ ಸಣ್ಣ ಅಕ್ಷರಗಳನ್ನು ಓದುವವರು ಕಡಿಮೆ. ಆ ಸಣ್ಣ ಅಕ್ಷರಗಳಲ್ಲಿ ಎಫ್-1 ಎಂದು ಬರೆದಿದೆಯೋ ಇಲ್ಲವೋ ನೋಡಿಕೊಳ್ಳಿ. ಮುಂದಿನ ವರ್ಷ ನೀವು ಮತ್ತೆ ಅದೇ ಅಂಗಡಿಯ ಮೆಟ್ಟಿಲು ಹತ್ತಬೇಕೋ, ಅಥವಾ ಮನೆಯ ಅಟ್ಟದಿಂದಲೇ ಬೀಜ ತೆಗೆದು ಬಿತ್ತಬಹುದೋ ಎಂಬುದು ಬಹುಮಟ್ಟಿಗೆ ಅದರ ಮೇಲೆ ನಿಂತಿದೆ. ಜಿನಿಯಾ ಹೂವನ್ನು ಬೆಳೆಸುವುದು ಹೇಗೆ, ಅದರ ಬೀಜವನ್ನು ವರ್ಷದಿಂದ ವರ್ಷಕ್ಕೆ ಕೆಡದಂತೆ ಉಳಿಸಿಕೊಳ್ಳುವುದು ಹೇಗೆ ಎಂಬುದೇ ಈ ಮಾತಿನ ವಿಷಯ. ಪರದೆಯ ಮೇಲಾದರೆ ಬೀಜವನ್ನು ಅಂಗೈಯಲ್ಲಿಟ್ಟು ತೋರಿಸಬಹುದಿತ್ತು. ಪುಟದ ಮೇಲೆ ಮಾತಿನಲ್ಲೇ ತೋರಿಸಬೇಕು. ಹಾಗಾಗಿ ಕೆಲವು ಕಡೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಜಿನಿಯಾ ನಮ್ಮ ದೇಶದ ಹೂವಲ್ಲ. ಅದರ ತವರು ಮೆಕ್ಸಿಕೊ. ಜರ್ಮನಿಯ ಗಟಿಂಗೆನ್‌ನಲ್ಲಿ ಯೋಹಾನ್ ಗಾಟ್‌ಫ್ರೀಡ್ ಜಿನ್ ಎಂಬ ವಿದ್ವಾಂಸನಿದ್ದ. ಸಸ್ಯಗಳ ಜೊತೆಗೆ ಕಣ್ಣಿನ ರಚನೆಯನ್ನೂ ಅಭ್ಯಾಸ ಮಾಡಿದವನು. 1759ರಲ್ಲಿ, ಮೂವತ್ತೆರಡು ತುಂಬುವ ಮೊದಲೇ ತೀರಿಕೊಂಡ. ಅದೇ ವರ್ಷ ಲಿನೇಯಸ್ ಈ ಹೂವಿನ ಕುಲಕ್ಕೆ ಅವನ ಹೆಸರಿಟ್ಟ. ಕಣ್ಣಿನ ವೈದ್ಯರು ಇಂದಿಗೂ ಕಣ್ಣಿನೊಳಗಿನ ಒಂದು ಭಾಗವನ್ನು ಅವನ ಹೆಸರಿನಿಂದ ಕರೆಯುತ್ತಾರೆ. ನಮ್ಮ ಹಿತ್ತಲಿನ ಹೂವಿಗೂ ಕಣ್ಣಿನ ಆಸ್ಪತ್ರೆಗೂ ಹೀಗೊಂದು ನಂಟು.

ಈ ಹೂವಿಗೆ ಪರಿಮಳವಿಲ್ಲ. ಮಲ್ಲಿಗೆ, ಕನಕಾಂಬರಗಳ ಹಾಗೆ ಮುಡಿಗೆ ಏರುವುದಿಲ್ಲ, ಸೇವಂತಿಗೆಯ ಹಾಗೆ ಮೊಳದ ಲೆಕ್ಕದಲ್ಲಿ ಮಾರಾಟವಾಗುವುದೂ ಇಲ್ಲ. ಆದರೂ ಶಾಲೆಯ ಮುಂದಿನ ಪಾತಿಯಲ್ಲಿ, ಮನೆಯಂಗಳದಲ್ಲಿ, ತೋಟದ ಬದುವಿನಲ್ಲಿ ಅದು ಉಳಿದುಕೊಂಡು ಬಂದಿದೆ. ಏಕೆಂದರೆ ಅದು ಕೇಳುವುದು ಕಡಿಮೆ. ಬಿಸಿಲು ತಾಳುತ್ತದೆ, ಒಂದೆರಡು ದಿನ ನೀರು ತಪ್ಪಿದರೂ ಸಾಯುವುದಿಲ್ಲ. ಬಿತ್ತಿದ ಎರಡು, ಎರಡೂಕಾಲು ತಿಂಗಳಿಗೆ ಹೂ ಬಿಡುತ್ತದೆ. ಕಿತ್ತು ನೀರಿನಲ್ಲಿಟ್ಟರೆ ವಾರದವರೆಗೆ ಬಾಡುವುದಿಲ್ಲ. ಚಿಟ್ಟೆಗಳಿಗಂತೂ ಅದು ಹಬ್ಬ. ನನ್ನ ಅಭಿಪ್ರಾಯದಲ್ಲಿ, ಮಕ್ಕಳ ಕೈಗೆ ಮೊದಲು ಕೊಡಬೇಕಾದ ಬೀಜವೆಂದರೆ ಇದೇ. ನಾಲ್ಕರಿಂದ ಏಳು ದಿನದಲ್ಲಿ ಮೊಳೆಯುವುದರಿಂದ ಅವರ ತಾಳ್ಮೆ ಕೆಡುವುದಿಲ್ಲ.

ನೆಲದ ಮಾತಿಗೆ ಬರೋಣ. ತುಮಕೂರು ನಗರ, ಗುಬ್ಬಿ, ಕುಣಿಗಲ್ ಒಂದೇ ಜಿಲ್ಲೆಯ ಊರುಗಳಾದರೂ ಹೂವಿನ ಗಿಡದ ದೃಷ್ಟಿಯಿಂದ ಮೂರೂ ಒಂದೇ ಅಲ್ಲ. ಗುಬ್ಬಿ ಕಡೆ ತೆಂಗು, ಅಡಿಕೆ ತೋಟಗಳ ನೆರಳು ಹೆಚ್ಚು. ಜಿನಿಯಾಕ್ಕೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ತೋಟದ ಒಳಗೆ ಹಾಕಿದರೆ ಕಾಂಡ ಉದ್ದಕ್ಕೆ ಎಳೆದುಕೊಂಡು, ಎಲೆ ದೊಡ್ಡದಾಗಿ, ಹೂವು ಬಡವಾಗುತ್ತದೆ. ಅಲ್ಲಿಯವರು ತೋಟದ ಪೂರ್ವದ ಅಥವಾ ದಕ್ಷಿಣದ ಅಂಚಿನ ಬದುವನ್ನೋ ಕಣದ ಪಕ್ಕದ ಜಾಗವನ್ನೋ ಆರಿಸಿಕೊಳ್ಳಬೇಕು. ಕುಣಿಗಲ್ ಕಡೆ ರಾಗಿ ಹೊಲಗಳ ಬಯಲು ಇದೆ, ಬಿಸಿಲಿಗೆ ಕೊರತೆಯಿಲ್ಲ. ಕೆರೆಯ ಗೋಡು ಸಿಕ್ಕಿದರೆ ಕೆಂಪು ಮಣ್ಣಿಗೆ ಸ್ವಲ್ಪ ಬೆರೆಸಬಹುದು, ಬರಿಯ ಗೋಡಿನಲ್ಲಿ ಮಾತ್ರ ಬೇಡ, ನೀರು ನಿಂತು ಬೇರು ಕೊಳೆಯುತ್ತದೆ. ತುಮಕೂರು ನಗರದಲ್ಲಿ ಮೂವತ್ತಕ್ಕೆ ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿದ ಮೇಲೆ ಉಳಿಯುವುದು ಮಾಳಿಗೆ ಮಾತ್ರ. ಅಲ್ಲಿ ಎಂಟು ಅಂಗುಲದ ಕುಂಡದಲ್ಲಿ ಒಂದೊಂದು ಗಿಡ ಸುಖವಾಗಿ ಬೆಳೆಯುತ್ತದೆ, ಕುಂಡದ ತಳದಲ್ಲಿ ತೂತಿದ್ದರೆ ಸಾಕು.

ಬಿತ್ತನೆಯ ವಿಧಾನ ಸರಳ. ಪಾತಿಯ ಮಣ್ಣನ್ನು ಅಗೆದು, ಹಳೆಯ ಕೊಟ್ಟಿಗೆ ಗೊಬ್ಬರ ಸೇರಿಸಿ, ಬೀಜವನ್ನು ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಆಳಕ್ಕೆ ಹಾಕಿ ಮಣ್ಣು ಮುಚ್ಚಿ. ಜಿನಿಯಾ ಸಸಿಗೆ ಬೇರು ಕದಲಿಸುವುದು ಇಷ್ಟವಿಲ್ಲ. ಆದ್ದರಿಂದ ಸಸಿಮಡಿ ಮಾಡಿ ಕಿತ್ತು ನೆಡುವುದಕ್ಕಿಂತ ಇದ್ದಲ್ಲೇ ಬಿತ್ತಿ ಹೆಚ್ಚಾದದ್ದನ್ನು ಕಿತ್ತುಹಾಕುವುದು ಮೇಲು. ಎತ್ತರದ ಜಾತಿಗೆ ಗಿಡದಿಂದ ಗಿಡಕ್ಕೆ ಒಂದಡಿ ಬಿಡಿ. ಕಿತ್ತುಹಾಕಲು ಮನಸ್ಸು ಬಾರದೆ ಒತ್ತೊತ್ತಾಗಿ ಬಿಟ್ಟರೆ ಮುಂದೆ ಬೂದಿ ರೋಗಕ್ಕೆ ನೀವೇ ಬಾಗಿಲು ತೆರೆದಂತೆ. ಗಿಡ ಒಂದು ಗೇಣು ಬೆಳೆದಾಗ ತುದಿ ಚಿವುಟಿದರೆ ಪಕ್ಕದಲ್ಲಿ ಕವಲೊಡೆದು ಹೂವು ಹೆಚ್ಚಾಗುತ್ತದೆ. ಯೂರಿಯಾ ಹಾಕುವ ಆಸೆ ಬೇಡ, ಸೊಪ್ಪು ಬೆಳೆಯುತ್ತದೆ, ಹೂವಲ್ಲ.

ನೀರನ್ನು ಬುಡಕ್ಕೆ ಕೊಡಿ, ಎಲೆಗೆ ಬೇಡ. ಈ ಪಾಠವನ್ನು ಭೂಮಿಯಿಂದ ನಾನೂರು ಕಿಲೋಮೀಟರ್ ಎತ್ತರದಲ್ಲೂ ಕಲಿತಿದ್ದಾರೆ. 2015ರ ಕೊನೆಯಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಜಿನಿಯಾ ಸಸಿಗಳನ್ನು ಬೆಳೆಸಲಾಗುತ್ತಿತ್ತು. ತೇವ ಹೆಚ್ಚಾಗಿ ಎಲೆಗಳಿಗೆ ಬೂಸರು ಹಿಡಿಯಿತು. ಫ್ಯಾನನ್ನು ಜೋರು ಮಾಡಿದರು, ಆಗ ಗಿಡಗಳು ಒಣಗತೊಡಗಿದವು. ಅಲ್ಲಿದ್ದ ಗಗನಯಾತ್ರಿ ಸ್ಕಾಟ್ ಕೆಲ್ಲಿ, ನೀರು ಯಾವಾಗ ಹಾಕಬೇಕೆಂಬುದನ್ನು ಕೆಳಗಿನವರ ವೇಳಾಪಟ್ಟಿಗೆ ಬಿಡದೆ ಗಿಡವನ್ನು ನೋಡಿ ತಾನೇ ತೀರ್ಮಾನಿಸಲು ಅನುಮತಿ ಕೇಳಿದರು. 2016ರ ಜನವರಿಯಲ್ಲಿ ಕೇಸರಿ ಬಣ್ಣದ ಹೂವು ಅರಳಿತು. ಎಷ್ಟು ದೊಡ್ಡ ಯಂತ್ರವಿದ್ದರೂ ಕೊನೆಗೆ ಗಿಡದ ಮುಖ ನೋಡಿಯೇ ನೀರು ಹಾಕಬೇಕಾಯಿತು.

ಇನ್ನು ಬೀಜದ ವಿಷಯ. ಇಲ್ಲಿ ಹೂವಿನ ಒಳಗೆ ಒಮ್ಮೆ ಇಣುಕಿ ನೋಡದೆ ಮುಂದೆ ಹೋಗುವಂತಿಲ್ಲ.

ನಾವು ಒಂದು ಜಿನಿಯಾ ಎಂದು ಕರೆಯುವುದು ನಿಜಕ್ಕೂ ಒಂದು ಹೂವಲ್ಲ, ಅದೊಂದು ಹೂಗಳ ಸಂತೆ. ಸೂರ್ಯಕಾಂತಿ, ಚೆಂಡುಹೂವು, ಸೇವಂತಿಗೆ, ನಮ್ಮ ಹುಚ್ಚೆಳ್ಳು ಎಲ್ಲವೂ ಇದೇ ಮನೆತನದವು. ಸುತ್ತಲೂ ಬಣ್ಣದ ಎಸಳಿನಂತೆ ಕಾಣುವ ಒಂದೊಂದೂ ಒಂದೊಂದು ಹೂವು. ಅವು ಹೆಣ್ಣು ಹೂಗಳು, ಅವುಗಳಲ್ಲಿ ಪರಾಗವಿಲ್ಲ. ನಡುವೆ ಹಳದಿ ನಕ್ಷತ್ರಗಳಂತೆ ಮೇಲೇಳುವ ಪುಟ್ಟ ಹೂಗಳಲ್ಲಿ ಹೆಣ್ಣು, ಗಂಡು ಎರಡೂ ಉಂಟು. ಅಂದರೆ ಹೊರಗಿನ ಎಸಳಿನ ಬುಡದಲ್ಲಿ ಬೀಜ ಕಟ್ಟಬೇಕಾದರೆ ಪರಾಗವನ್ನು ಬೇರೆಲ್ಲಿಂದಲೋ ಯಾರೋ ತರಬೇಕು. ತರುವವರು ಚಿಟ್ಟೆ ಮತ್ತು ಜೇನು.

ಇದರ ಜೊತೆಗೆ ಇನ್ನೊಂದು ಸಂಗತಿಯಿದೆ. ಜಿನಿಯಾ ಸಾಮಾನ್ಯವಾಗಿ ತನ್ನದೇ ಗಿಡದ ಪರಾಗವನ್ನು ಒಪ್ಪುವುದಿಲ್ಲ. ಇನ್ನೊಂದು ಗಿಡದಿಂದ ಬಂದರೆ ಮಾತ್ರ ಬೀಜ ಗಟ್ಟಿಯಾಗುತ್ತದೆ. ರಾಗಿಯ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಬೆಳೆಯುವವರಿಗೆ ಇದು ಹೊಸದಲ್ಲ. ಜೇನು ಸುಳಿಯದ ವರ್ಷ ಹುಚ್ಚೆಳ್ಳು ಜೊಳ್ಳಾಗುವುದನ್ನು ಅವರು ಕಂಡಿದ್ದಾರೆ. ಕಾರಣ ಎರಡಕ್ಕೂ ಒಂದೇ. ಹೀಗಾಗಿ ಮಾಳಿಗೆಯ ಮೇಲೆ ಒಂದೇ ಒಂದು ಕುಂಡದಲ್ಲಿ ಒಂದೇ ಗಿಡ ಇಟ್ಟುಕೊಂಡವರಿಗೆ ಹೂವು ಬೇಕಾದಷ್ಟು ಸಿಗುತ್ತದೆ, ಬೀಜ ಮಾತ್ರ ಬಹುಪಾಲು ಜೊಳ್ಳೇ. ಬೀಜಕ್ಕೆಂದು ಬೆಳೆಯುವವರು ಎಂಟು ಹತ್ತು ಗಿಡಗಳನ್ನಾದರೂ ಇಡಬೇಕು. ಅದಕ್ಕಿಂತ ಕಡಿಮೆಯಾದರೆ ವರ್ಷದಿಂದ ವರ್ಷಕ್ಕೆ ಸಸಿಗಳ ಶಕ್ತಿ ಕುಂದುತ್ತದೆ.

ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಕಂಡ ಒಂದು ಅಂಗಳದ ವಿಚಾರ ಇಲ್ಲಿ ಹೇಳಬೇಕು. ಆ ಮನೆಯ ಅಜ್ಜಿ ಕುಣಿಗಲ್ ಕಡೆಯ ತವರಿನಿಂದ ತಂದ ಗಾಢ ಕೆಂಪು ಜಿನಿಯಾದ ಬೀಜವನ್ನು ಬಹಳ ವರ್ಷಗಳಿಂದ ಬಿತ್ತಿಕೊಂಡು ಬಂದಿದ್ದರು. ನಾನು ಹೋದಾಗ ಅಂಗಳದಲ್ಲಿ ಕೆಂಪು ಹೂವು ನಾಲ್ಕೋ ಐದೋ ಇದ್ದವು, ಉಳಿದದ್ದೆಲ್ಲ ಗುಲಾಬಿ, ನೇರಳೆ. ಕೆಂಪು ಹೂವಿನ ತೊಟ್ಟುಗಳಿಗೆ ಒಂದೊಂದು ನೂಲು ಕಟ್ಟಿದ್ದರು.

“ಇದ್ಯಾಕಜ್ಜಿ ಹೂವಿಗೆ ದಾರ ಕಟ್ಟಿದೀರಿ?” ಎಂದೆ.

“ಒಣಗಿದ ಮ್ಯಾಲೆ ಎಲ್ಲಾ ಒಂದೇ ತರ ಕಾಣ್ತವೆ ಕಣಪ್ಪ. ಚೆಂದಾಗಿದ್ದಾಗ್ಲೇ ಗುರುತು ಮಾಡ್ಕಬೇಕು,” ಎಂದರು. ಆಮೇಲೆ, “ಗುರುತು ಮಾಡಿ ಏನು ಬಂತು, ಕೆಂಪುನ್ನೇ ಆರಿಸಿ ಹಾಕಿದ್ರೂ ವರ್ಷವರ್ಷ ಇಂಥದೇ ಹುಟ್ತದೆ. ನಮ್ಮವ್ವನ ಹೂವು ನನ್ ಕಾಲಕ್ಕೇ ಹೋಗ್ತದೇನೋ,” ಎಂದರು.

ಅಜ್ಜಿಯ ನೂಲಿನ ಉಪಾಯ ಸರಿಯಾದದ್ದೇ. ಬೀಜ ಉಳಿಸುವ ಯಾರೂ ಮೊದಲು ಕಲಿಯಬೇಕಾದದ್ದು ಅದನ್ನೇ. ತೊಂದರೆ ಇದ್ದದ್ದು ಬೇರೆ ಕಡೆ. ಪಕ್ಕದ ಮನೆಯವರು ಎರಡು ಮೂರು ವರ್ಷಗಳ ಹಿಂದೆ ಬಣ್ಣಬಣ್ಣದ ಮಿಶ್ರ ಬೀಜದ ಪೊಟ್ಟಣ ತಂದು ಬೇಲಿಯಂಚಿನಲ್ಲಿ ಹಾಕಿದ್ದರು. ಹೂವಿಗೆ ನೂಲು ಕಟ್ಟಿದರೆ ತಾಯಿ ಯಾವುದೆಂದು ಗೊತ್ತಾಯಿತು, ತಂದೆ ಯಾರೆಂದು ಚಿಟ್ಟೆಗಷ್ಟೇ ಗೊತ್ತು. ಬೇಲಿ ಚಿಟ್ಟೆಗೆ ಲೆಕ್ಕವಲ್ಲ. ಕಾಡಿನ ಮೂಲ ಜಿನಿಯಾದ ಬಣ್ಣ ನೇರಳೆ ಗುಲಾಬಿಯ ಬಗೆಯದು. ಬಣ್ಣಗಳು ಬೆರೆತು ಆರಿಸದೆ ಬಿಟ್ಟಾಗ ಹೂವು ನಿಧಾನವಾಗಿ ಅತ್ತಲೇ ಸರಿಯುತ್ತದೆ.

ಬೀಜ ಬೆಳೆಯುವ ವೃತ್ತಿಯವರು ಒಂದು ಬಣ್ಣದ ತಾಕಿಗೂ ಇನ್ನೊಂದಕ್ಕೂ ನೂರಾರು ಮೀಟರ್ ಅಂತರ ಬಿಡುತ್ತಾರೆ. ಹಳ್ಳಿಯ ಅಂಗಳದಲ್ಲಿ ಅದು ಆಗದ ಮಾತು. ಅದಕ್ಕೆ ಬದಲು ಬಟ್ಟೆಯ ಚೀಲದ ದಾರಿಯಿದೆ. ಹಳೆಯ ತೆಳ್ಳನೆಯ ಮಲ್ ಬಟ್ಟೆಯಿಂದ ಅಂಗೈಯಗಲದ ಚೀಲ ಹೊಲಿದುಕೊಳ್ಳಿ. ಒಂದೇ ಬಣ್ಣದ, ಆದರೆ ಬೇರೆ ಬೇರೆ ಗಿಡಗಳ ನಾಲ್ಕಾರು ಮೊಗ್ಗುಗಳು ಬಿರಿಯುವ ಮುನ್ನವೇ ಅವಕ್ಕೆ ಚೀಲ ಹಾಕಿ ತೊಟ್ಟಿನ ಹತ್ತಿರ ಸಡಿಲವಾಗಿ ಕಟ್ಟಿ. ನಡುವಿನ ಹಳದಿ ಹೂಗಳು ಬಿರಿಯತೊಡಗಿದ ಮೇಲೆ ಬೆಳಗಿನ ಇಬ್ಬನಿ ಆರಿದ ಹೊತ್ತಿನಲ್ಲಿ ಚೀಲ ಬಿಚ್ಚಿ, ಮೃದುವಾದ ಕುಂಚದಿಂದ ಒಂದು ಗಿಡದ ಹಳದಿ ಪುಡಿಯನ್ನು ಇನ್ನೊಂದು ಗಿಡದ ಹೂವಿಗೆ, ಅದರದ್ದನ್ನು ಇದಕ್ಕೆ ಸವರಿ. ಎಸಳುಗಳ ಬುಡದಲ್ಲಿ ಕವಲೊಡೆದ ನೂಲಿನಂಥ ತುದಿಗಳು ಕಾಣುತ್ತವೆ, ಅವಕ್ಕೆ ಪುಡಿ ತಾಗಬೇಕು. ಮತ್ತೆ ಚೀಲ ಕಟ್ಟಿ. ಹಳದಿ ಹೂಗಳು ಒಂದೇ ದಿನ ಬಿರಿಯುವುದಿಲ್ಲ, ಸುತ್ತಿನಿಂದ ಸುತ್ತಿಗೆ ಒಳಗೆ ಸಾಗುತ್ತವೆ. ಆದ್ದರಿಂದ ದಿನ ಬಿಟ್ಟು ದಿನ, ನಾಲ್ಕೈದು ಸಲ ಹೀಗೆ ಮಾಡಬೇಕು. ಎಲ್ಲ ಮುಗಿದು ಹೂವು ಮಾಸಲಾದ ಮೇಲೆ ಚೀಲ ತೆಗೆದು, ಅಜ್ಜಿಯ ಹಾಗೆ ನೂಲು ಕಟ್ಟಿ ಬಿಡಿ.

ಆ ಅಂಗಳದಲ್ಲಿ ಅಜ್ಜಿಯ ಮೊಮ್ಮಗಳು ಈ ಕೆಲಸ ಹಿಡಿದಳು. ಮುಂದಿನ ವರ್ಷ ಚೀಲದ ಬೀಜವನ್ನು ಬೇರೆಯಾಗಿಯೇ ಬಿತ್ತಿ, ಮೊದಲ ಹೂವು ಬಿರಿದು ಬಣ್ಣ ತೋರಿಸಿದೊಡನೆ ಕೆಂಪಲ್ಲದ ಗಿಡಗಳನ್ನು ಬುಡಸಹಿತ ಕಿತ್ತರು. ಹೂ ಬಿಟ್ಟ ಗಿಡ ಕೀಳುವುದು ಆ ಅಜ್ಜಿಗೆ ಸುಲಭವಾಗಿರಲಿಲ್ಲ, ಕಿತ್ತದ್ದನ್ನೆಲ್ಲ ಚೊಂಬಿಗೆ ಹಾಕಿ ಜಗುಲಿಯ ಮೇಲಿಟ್ಟರು. ಎರಡು ವರ್ಷದ ನಂತರ ಪಾತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕೆಂಪು ಬಂದಿತ್ತು. ತವರಿನ ಹೂವು ಪೂರ್ತಿ ಮರಳಿತು ಎಂದು ನಾನು ಹೇಳಲಾರೆ. ಕೆಲವದರ ಎಸಳಿನ ತುದಿಯಲ್ಲಿ ಗುಲಾಬಿಯ ಛಾಯೆ ಇನ್ನೂ ಇತ್ತು. ಆದರೆ ಹೋಗುತ್ತಿದ್ದುದು ನಿಂತಿತು.

ಬಣ್ಣದಂತೆಯೇ ಕೈತಪ್ಪುವ ಇನ್ನೊಂದು ಗುಣ ಹೂವಿನ ದಟ್ಟತನ. ಸುತ್ತಿನ ಮೇಲೆ ಸುತ್ತು ಎಸಳು ತುಂಬಿದ ಹೂವಿನಲ್ಲಿ ನಡುವಿನ ಹಳದಿ ಹೂಗಳು ಕಡಿಮೆ, ಪರಾಗವೂ ಕಡಿಮೆ. ಒಂದೇ ಸುತ್ತು ಎಸಳಿನ ಹೂವಿನಲ್ಲಿ ಪರಾಗ ಧಾರಾಳ, ಜೇನು ಅಲ್ಲಿಗೇ ಹೋಗುತ್ತದೆ, ಬೀಜವೂ ಸಲೀಸಾಗಿ ಕಟ್ಟುತ್ತದೆ. ಯಾವುದನ್ನೂ ಆರಿಸದೆ ಎಲ್ಲವನ್ನೂ ಒಟ್ಟಿಗೆ ಉದುರಿಸಿಕೊಂಡರೆ ಕೆಲವು ವರ್ಷಗಳಲ್ಲಿ ಪಾತಿಯ ತುಂಬ ಒಂಟಿ ಸುತ್ತಿನ ಹೂಗಳೇ ಆಗುತ್ತವೆ. ಬೀಜ ಕೆಟ್ಟಿತು ಎಂದು ಜನ ಹೇಳುವುದು ಇದನ್ನೇ. ಬೀಜ ಕೆಟ್ಟಿಲ್ಲ, ಆಯ್ಕೆಯನ್ನು ನಾವು ಜೇನಿಗೆ ಬಿಟ್ಟೆವು, ಅದು ತನಗೆ ಬೇಕಾದ್ದನ್ನು ಆರಿಸಿತು. ಒಂಟಿ ಸುತ್ತಿನ ಹೂವು ಚೆಂದವಲ್ಲವೆಂದು ನಾನು ಹೇಳುತ್ತಿಲ್ಲ. ಚಿಟ್ಟೆಗಾಗಿ ಬೆಳೆಸುವವರು ಅದನ್ನೇ ಇಟ್ಟುಕೊಳ್ಳಲಿ.

ಎಫ್-1 ಎಂದರೇನು ಎಂದು ಮೊದಲು ಹೇಳಿ ಬಿಟ್ಟಿದ್ದೆ. ಎರಡು ಬೇರೆ ಬೇರೆ ಶುದ್ಧ ಸಾಲುಗಳನ್ನು ಕೂಡಿಸಿ ಪಡೆದ ಮೊದಲ ಪೀಳಿಗೆಯ ಬೀಜ ಅದು. ಅದರಿಂದ ಹುಟ್ಟಿದ ಗಿಡಗಳೆಲ್ಲ ಒಂದೇ ಎತ್ತರ, ಒಂದೇ ಬಗೆ. ಕುಂಡಗಳಲ್ಲಿ ಬರುವ ಗಿಡ್ಡ ತಳಿಗಳಲ್ಲಿ, ಉದಾಹರಣೆಗೆ ಡ್ರೀಮ್‌ಲ್ಯಾಂಡ್‌ನಲ್ಲಿ, ಇದನ್ನು ಕಾಣಬಹುದು. ಅದರ ಬೀಜ ತೆಗೆದು ಬಿತ್ತಿದರೆ ಮೊಳೆಯುತ್ತದೆ, ಹೂವೂ ಬಿಡುತ್ತದೆ. ಆದರೆ ಎರಡನೆಯ ಪೀಳಿಗೆಯಲ್ಲಿ ಅಜ್ಜ, ಅಜ್ಜಿಯರ ಗುಣಗಳು ಬಿಡಿಬಿಡಿಯಾಗಿ ಹೊರಬಂದು ಒಂದು ಗಿಡ ಮೊಳಕಾಲೆತ್ತರ, ಇನ್ನೊಂದು ಸೊಂಟದೆತ್ತರ ಆದೀತು. ಮೋಸವೇನೂ ಅಲ್ಲ ಇದು, ಹೈಬ್ರಿಡ್‌ನ ಸ್ವಭಾವ. ಬೀಜ ಉಳಿಸುವ ಉದ್ದೇಶವಿದ್ದರೆ ಕ್ಯಾಲಿಫೋರ್ನಿಯಾ ಜೈಂಟ್, ಲಿಲಿಪುಟ್ ಮೊದಲಾದ ಹಳೆಯ ತಳಿಗಳಿಂದ ಆರಂಭಿಸಿ, ಅದೂ ಬೇಕೆಂದರೆ ಒಂದೇ ಬಣ್ಣದ ಪೊಟ್ಟಣದಿಂದ.

ನಮ್ಮ ಜಿಲ್ಲೆಯಲ್ಲೇ ಇದಕ್ಕೆ ವಿರುದ್ಧವಾದ ಒಂದು ಉದಾಹರಣೆಯಿದೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ಒಂದು ಮರದ ಕೆಂಪು ತೊಳೆಯ ಹಲಸು ಇಂದು ‘ಸಿದ್ದು’ ಎಂಬ ಹೆಸರಿನಿಂದ ನಾಡಿನಾಚೆಗೂ ಪ್ರಸಿದ್ಧವಾಗಿದೆ. ತುಮಕೂರಿಗೆ ಹತ್ತಿರದ ಹಿರೇಹಳ್ಳಿಯಲ್ಲಿ ಪ್ರಯೋಗ ಕೇಂದ್ರವಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಆ ತಳಿಯನ್ನು ಬೆಳಕಿಗೆ ತಂದಿತು. ಆ ಹಲಸಿನ ಬೀಜ ನೆಟ್ಟರೆ ಅದೇ ಹಣ್ಣು ಬರುವುದಿಲ್ಲ. ಅದಕ್ಕಾಗಿಯೇ ಕಸಿ ಗಿಡ ಮಾಡಿ ಕೊಡುತ್ತಾರೆ. ಮರಕ್ಕೆ ಕಸಿಯ ದಾರಿಯಿದೆ, ವರ್ಷಕ್ಕೊಮ್ಮೆ ಸತ್ತು ಹುಟ್ಟುವ ಜಿನಿಯಾಕ್ಕೆ ಬೀಜವೊಂದೇ ದಾರಿ. ಇದಕ್ಕಿಂತ ಸುಲಭ ಬೇಕೆಂದರೆ ಚೈನಾ ಆಸ್ಟರ್ ಇದೆ. ಅದೇ ಸಂಸ್ಥೆಯ ಕಾಮಿನಿ, ಪೂರ್ಣಿಮಾ, ಶಶಾಂಕ್ ತಳಿಗಳನ್ನು ನಮ್ಮ ಹೂವಿನ ರೈತರು ಬಲ್ಲರು. ಆಸ್ಟರ್ ಹೆಚ್ಚಾಗಿ ತನ್ನ ಪರಾಗದಿಂದಲೇ ಬೀಜ ಕಟ್ಟುವುದರಿಂದ ಬಣ್ಣ ಅಷ್ಟು ಬೇಗ ಬೆರೆಯುವುದಿಲ್ಲ.

ಕಾಲದ ಲೆಕ್ಕ ಹೇಳಿಬಿಡುತ್ತೇನೆ. ತುಮಕೂರಿನ ಕಡೆ ಮಳೆಯ ಜೋರು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ದಸರಾ, ಆಯುಧಪೂಜೆಗೆ ಹೂವು ಬೇಕೆನ್ನುವವರು ಪುನರ್ವಸು ಮಳೆಯಲ್ಲಿ, ಅಂದರೆ ಜುಲೈ ಮೊದಲರ್ಧದಲ್ಲಿ ಬಿತ್ತಬೇಕು. ಆದರೆ ಆ ಗಿಡದ ಮೊದಲ ಹೂಗಳನ್ನು ಬೀಜಕ್ಕೆ ಬಿಟ್ಟರೆ ಅವು ಒಣಗುವ ಹೊತ್ತಿಗೆ ಚಿತ್ತೆ, ಸ್ವಾತಿ ಮಳೆ ಬಂದು ತಲೆಗಳು ಕೊಳೆಯುತ್ತವೆ, ಕೆಲವೊಮ್ಮೆ ಬೀಜ ಗಿಡದ ಮೇಲೇ ಮೊಳೆಯುತ್ತದೆ. ಅದಕ್ಕೆ ನನ್ನ ಸಲಹೆ ಹೂವಿಗೊಂದು ಬಿತ್ತನೆ, ಬೀಜಕ್ಕೊಂದು ಬಿತ್ತನೆ. ಬೀಜದ ಪಾತಿಯನ್ನು ಸೆಪ್ಟೆಂಬರ್ ಕೊನೆಯಲ್ಲಿ, ಹಸ್ತೆ ಮಳೆ ಹಿಡಿಯುವ ಸುಮಾರಿಗೆ ಬಿತ್ತಿ. ಡಿಸೆಂಬರಿನಲ್ಲಿ ಹೂವು, ಜನವರಿ ಕೊನೆಯಿಂದ ಒಣ ಹವೆಯಲ್ಲಿ ಬೀಜ. ಎರಡು ಬಿತ್ತನೆಗೆ ಜಾಗವಿಲ್ಲದವರು ಜುಲೈ ಗಿಡದಲ್ಲೇ ದೀಪಾವಳಿಯ ಆಚೆ ಬಿರಿದ ಹೂಗಳಿಗೆ ನೂಲು ಕಟ್ಟಲಿ.

ಚಳಿಗಾಲದ ಗಿಡಕ್ಕೆ ಒಂದು ಕಾಟವಿದೆ. ಹಗಲು ಬೆಚ್ಚಗೆ, ರಾತ್ರಿ ತಂಪು ಇರುವ ಆ ದಿನಗಳಲ್ಲಿ ಎಲೆಗಳ ಮೇಲೆ ಹಿಟ್ಟು ಎರಚಿದಂತೆ ಬೂದಿ ರೋಗ ಕಾಣಿಸುತ್ತದೆ. ಗಿಡಗಳ ನಡುವೆ ಗಾಳಿ ಆಡುವಂತಿದ್ದರೆ ಅರ್ಧ ರೋಗ ಬರುವುದಿಲ್ಲ. ಬಂದರೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2ರಿಂದ 3 ಗ್ರಾಂ ಬೆರೆಸಿ, ಬಿಸಿಲು ಏರುವ ಮುನ್ನ ಸಿಂಪಡಿಸಬಹುದು. ಬೂದಿ ರೋಗ ಗಾಳಿಯಲ್ಲಿ ಬರುವುದು, ಬೀಜದಲ್ಲಿ ಅಲ್ಲ. ಆದರೆ ಕಂದು ಚುಕ್ಕೆಯ ರೋಗಗಳ ವಿಷಯ ಹಾಗಲ್ಲ. ಎಲೆಯ ಮೇಲೆ ಕೆಂಪು ಕಂದು ಚುಕ್ಕೆ ಬಿದ್ದು ನಡುಭಾಗ ಬೂದುಬಣ್ಣಕ್ಕೆ ತಿರುಗುವ ಶಿಲೀಂಧ್ರದ ರೋಗವೂ, ಚುಕ್ಕೆಯ ಸುತ್ತ ಹಳದಿ ಉಂಗುರ ಕಟ್ಟುವ ಬ್ಯಾಕ್ಟೀರಿಯಾದ ರೋಗವೂ ಬೀಜದ ಜೊತೆ ಮುಂದಿನ ವರ್ಷಕ್ಕೆ ದಾಟುತ್ತವೆ. ಹೂವು ಎಷ್ಟೇ ಸುಂದರವಾಗಿರಲಿ, ಚುಕ್ಕೆ ಬಿದ್ದ ಗಿಡದಿಂದ ಬೀಜ ತೆಗೆಯಬೇಡಿ. ಎಲೆ ಮುದುಡಿ ಸುರುಳಿಯಾದ ಗಿಡ ಕಂಡರೆ ಅದು ಬಿಳಿನೊಣ ತಂದ ನಂಜು, ಕಿತ್ತು ಸುಟ್ಟುಬಿಡಿ.

ಹೂವು ಬಿರಿದ ಮೇಲೆ ಹೆಚ್ಚು ಕಡಿಮೆ ಒಂದೂವರೆ ತಿಂಗಳಿಗೆ ತಲೆ ಪೂರ್ತಿ ಕಂದಾಗಿ, ಅದರ ಕೆಳಗಿನ ತೊಟ್ಟೂ ಒಣಗುತ್ತದೆ. ತೊಟ್ಟು ಹಸಿರಿದ್ದರೆ ಇನ್ನೂ ಕಾಯಬೇಕು. ಇಬ್ಬನಿ ಆರಿದ ಮೇಲೆ ಕತ್ತರಿಸಿ, ಒಂದು ವಾರ ನೆರಳಿನಲ್ಲಿ ಕಾಗದದ ಮೇಲೆ ಹರಡಿ. ಆಮೇಲೆ ಬೆರಳಿನಿಂದ ಉಜ್ಜಿದರೆ ಎಲ್ಲ ಬಿಡಿಸಿಕೊಳ್ಳುತ್ತದೆ.

ಇಲ್ಲಿ ಹಲವರು ಯಾವುದು ಬೀಜ, ಯಾವುದು ಹೊಟ್ಟು ಎಂದು ತಿಳಿಯದೆ ಎರಡನ್ನೂ ಕಟ್ಟಿಡುತ್ತಾರೆ. ಹೊರಸುತ್ತಿನ ಬೀಜಗಳು ಒಣಗಿದ ಎಸಳಿನ ಬುಡಕ್ಕೆ ಅಂಟಿಕೊಂಡೇ ಇರುತ್ತವೆ, ಭರ್ಜಿಯ ಮೊನೆಯ ಆಕಾರ. ಎಸಳನ್ನು ಹಿಡಿದು ಎಳೆದರೆ ಬೀಜವೂ ಬರುತ್ತದೆ. ಒಳಗಿನವು ಚಪ್ಪಟೆ, ಮೇಲ್ತುದಿಯಲ್ಲಿ ಒಂದು ಕಚ್ಚು ಇರುತ್ತದೆ. ಎರಡೂ ಮೊಳೆಯುತ್ತವೆ. ಇವುಗಳ ನಡುವೆ ಕಾಗದದಂತೆ ತೆಳ್ಳಗೆ, ತುದಿಯಲ್ಲಿ ಕುಚ್ಚಿನಂತಿರುವ ಹೊಟ್ಟು ಬೇಕಾದಷ್ಟಿರುತ್ತದೆ. ಅದನ್ನು ಬಿತ್ತಿ ಪ್ರಯೋಜನವಿಲ್ಲ. ಮೊರದಲ್ಲಿ ಮೆಲ್ಲಗೆ ಕೇರಿದರೆ ಹೊಟ್ಟೂ ಜೊಳ್ಳೂ ಮುಂದಕ್ಕೆ ಹಾರಿ ಗಟ್ಟಿ ಬೀಜ ಹಿಂದೆ ಉಳಿಯುತ್ತದೆ. ಉಗುರಿನಲ್ಲಿ ಒತ್ತಿ ನೋಡಿ. ಗಟ್ಟಿ ಬೀಜ ಒಳಗಿನಿಂದ ತಡೆಯುತ್ತದೆ, ಜೊಳ್ಳು ಮಡಿಚಿಕೊಳ್ಳುತ್ತದೆ. ಒಂದು ಗ್ರಾಂ ತೂಕಕ್ಕೆ ನೂರಕ್ಕೂ ಮೇಲೆ ಬೀಜ ಬರುವುದರಿಂದ ಒಂದು ಮನೆಗೆ ನಾಲ್ಕಾರು ಒಳ್ಳೆಯ ತಲೆಗಳು ಸಾಕು.

ಶೇಖರಣೆಯಲ್ಲಿ ಶತ್ರು ತೇವ, ಅದರ ಜೊತೆಗಾರ ಶಾಖ. ಬೀಜವಿಜ್ಞಾನದಲ್ಲಿ ಒಂದು ಸ್ಥೂಲ ಲೆಕ್ಕವಿದೆ. ಬೀಜದ ತೇವ ಶೇಕಡಾ ಒಂದರಷ್ಟು ಇಳಿದರೆ ಆಯುಸ್ಸು ಇಮ್ಮಡಿ, ಇಟ್ಟ ಜಾಗದ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಇಳಿದರೆ ಮತ್ತೆ ಇಮ್ಮಡಿ. ನಮ್ಮ ಹಿರಿಯರು ಹಗೇವಿನಲ್ಲಿ ರಾಗಿಯನ್ನು ವರ್ಷಗಟ್ಟಲೆ ಇಟ್ಟು ತಿಂದವರು, ಒಣ ನೆಲದ ಬೆಲೆ ಅವರಿಗೆ ಗೊತ್ತಿತ್ತು. ಒಲೆಬೂದಿಯಲ್ಲಿ ಬೆರೆಸಿ ಗಂಟು ಕಟ್ಟುವುದೂ ಒಳ್ಳೆಯ ಕ್ರಮವೇ. ಇವತ್ತು ಗ್ಯಾಸ್ ಒಲೆಯ ಮನೆಗಳಲ್ಲಿ ಬೂದಿ ಎಲ್ಲಿ ತರುವುದು? ಹಾಗಿದ್ದರೆ ಹೀಗೆ ಮಾಡಿ. ಎರಡು ದಿನ ಬೆಳಗಿನ ಎಳೆಬಿಸಿಲಿನಲ್ಲಿ, ಉಳಿದ ವಾರ ನೆರಳಿನಲ್ಲಿ ಬೀಜ ಒಣಗಿಸಿ. ಬಾಗಿಸಿದರೆ ಮುರಿಯಬೇಕು, ಬಳುಕಬಾರದು. ಕಾಗದದ ಲಕೋಟೆಗೆ ಹಾಕಿ. ಗಾಜಿನ ಸೀಸೆಯ ತಳದಲ್ಲಿ ಕೆಂಪಗೆ ಹುರಿದು ಆರಿಸಿದ ಅಕ್ಕಿಯನ್ನು ಎರಡು ಬೆರಳಷ್ಟು ತುಂಬಿ, ಅದರ ಮೇಲೊಂದು ಬಟ್ಟೆ, ಮೇಲೆ ಲಕೋಟೆ, ನಂತರ ಬಿಗಿ ಮುಚ್ಚಳ. ಅಕ್ಕಿ ತೇವ ಹೀರಿಕೊಳ್ಳುತ್ತದೆ. ಮಳೆಗಾಲಕ್ಕೆ ಮೊದಲು ಒಮ್ಮೆ ಅಕ್ಕಿ ಬದಲಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಅರೆಒಣಗಿದ ಬೀಜ ಕಟ್ಟಿಟ್ಟರೆ ಒಳಗೇ ಬೆವರಿ ಬೂಸರು ಹಿಡಿಯುತ್ತದೆ. ಚೆನ್ನಾಗಿ ಒಣಗಿದ್ದು ತಂಪಿನಲ್ಲಿದ್ದರೆ ಮೂರರಿಂದ ಐದು ವರ್ಷ ಜೀವ ಹಿಡಿದಿರುತ್ತದೆ. ಲಕೋಟೆಯ ಮೇಲೆ ಬಣ್ಣ, ವರ್ಷ, ಯಾರ ಮನೆಯದು ಎಂದು ಬರೆಯುವುದನ್ನು ಮಾತ್ರ ನಾಳೆಗೆ ಬಿಡಬೇಡಿ.

ಹೀಗೆ ಉಳಿಸಿದ ಬೀಜವನ್ನು ಇನ್ನೊಬ್ಬರಿಗೆ ಕೊಡಬಹುದೇ, ಮಾರಬಹುದೇ ಎಂದು ಕೆಲವರು ಕೇಳುತ್ತಾರೆ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ರೈತನಿಗೆ ತಾನು ಬೆಳೆದ ಬೀಜವನ್ನು ಉಳಿಸುವ, ಬಿತ್ತುವ, ವಿನಿಮಯ ಮಾಡುವ, ಮಾರುವ ಹಕ್ಕನ್ನು ಕೊಟ್ಟಿದೆ. ಸಂರಕ್ಷಿತ ತಳಿಯಾಗಿದ್ದರೆ ಅದನ್ನು ಬ್ರ್ಯಾಂಡ್ ಹೆಸರಿನ ಚೀಟಿ ಹಚ್ಚಿ ಮಾರುವಂತಿಲ್ಲ, ಅಷ್ಟೇ. ಉತ್ತರ ಕನ್ನಡದ ಶಿರಸಿಯಲ್ಲಿ ವನಸ್ತ್ರೀ ಎಂಬ ಮಹಿಳೆಯರ ಬಳಗ ಮಲೆನಾಡಿನ ಹಿತ್ತಲುಗಳ ಬೀಜಗಳನ್ನು ಹೀಗೆಯೇ ಕೈಯಿಂದ ಕೈಗೆ ದಾಟಿಸುತ್ತ, ಮಲೆನಾಡು ಮೇಳ ನಡೆಸುತ್ತ ಬಂದಿದೆ. ನಮ್ಮ ಕಡೆಯೂ ಅವಕಾಶಕ್ಕೆ ಕೊರತೆಯಿಲ್ಲ. ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ಜಾತ್ರೆಗೂ ಅಲ್ಲಿನ ವಸ್ತುಪ್ರದರ್ಶನಕ್ಕೂ ಊರೂರಿನ ಜನ ಸೇರುತ್ತಾರೆ, ನಿಮ್ಮ ಹೊಸ ಬೀಜವೂ ಆಗಷ್ಟೇ ಒಣಗಿರುತ್ತದೆ. ಸೀಸೆಯಲ್ಲಿರುವುದಕ್ಕಿಂತ ನಾಲ್ಕು ಮನೆಗಳಲ್ಲಿರುವ ಬೀಜ ಭದ್ರ. ಒಂದು ಮನೆಯಲ್ಲಿ ಗೆದ್ದಲೋ ಮಳೆಯೋ ನುಂಗಿದರೆ ಇನ್ನೊಂದು ಮನೆಯಿಂದ ತಿರುಗಿ ಕೇಳಬಹುದು.

ಕಡೆಯದಾಗಿ ಒಂದು ಪರೀಕ್ಷೆ ಉಳಿಯಿತು. ರೋಹಿಣಿ ಮಳೆ ಕಳೆದ ಮೇಲೆ, ಬಿತ್ತನೆಗೆ ಒಂದು ತಿಂಗಳಿರುವಾಗ, ಹಳೆಯ ಬೀಜದಲ್ಲಿ ಇಪ್ಪತ್ತನ್ನು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ತಟ್ಟೆಯಲ್ಲಿಡಿ, ಬಟ್ಟೆ ಒಣಗದಂತೆ ನೋಡಿಕೊಳ್ಳಿ. ಏಳನೆಯ ದಿನ ಬಿಚ್ಚಿ ಎಣಿಸಿ. ಹದಿನೈದರ ಮೇಲೆ ಮೊಳೆತಿದ್ದರೆ ಬೀಜ ಚೆನ್ನಾಗಿದೆ. ಹತ್ತರ ಆಸುಪಾಸಿದ್ದರೆ ಎರಡರಷ್ಟು ಬಿತ್ತಿ. ಐದಕ್ಕೂ ಕೆಳಗಿದ್ದರೆ ಸೀಸೆಯಲ್ಲಿದ್ದದ್ದನ್ನೆಲ್ಲ ಆ ವರ್ಷವೇ ಪಾತಿಗೆ ಹಾಕಿ, ಮೊಳೆತಷ್ಟನ್ನು ಬೆಳೆಸಿ ಹೊಸ ಬೀಜ ಮಾಡಿಕೊಳ್ಳಿ, ಇನ್ನೊಂದು ವರ್ಷಕ್ಕೆ ಅದು ಕಾಯುವುದಿಲ್ಲ. ಬಟ್ಟೆಯಲ್ಲಿ ಮೊಳೆತ ಸಸಿಗಳನ್ನೂ ಎಸೆಯಬೇಡಿ, ಮೊಳಕೆ ಮುರಿಯದಂತೆ ಕುಂಡಕ್ಕೆ ಇಳಿಸಿದರೆ ಉಳಿದವುಗಳಿಗಿಂತ ಒಂದು ತಿಂಗಳು ಮೊದಲೇ ಹೂ ಬಿಡುತ್ತವೆ.